ಅರ್ಧ ಮಾರ್ಕಿನ ಚುಕ್ಕೆ

ನಮ್ಮ ಭಗವಂತರಾಯ ಮಾಸ್ಟರು ತೀರಿಕೊಂಡ ದಿನ ನನಗೆ ಚೆನ್ನಾಗಿ ನೆನಪಿದೆ. ಅವತ್ತು ಅವರ ಮನೆಯಲ್ಲಿ ಮೆಂತ್ಯ ಸೊಪ್ಪಿನ ರೊಟ್ಟಿ ಮಾಡಿದ್ದರು. ಮಾಸ್ಟರೇ ಕೈಯಾರೆ ನನ್ನ ತಟ್ಟೆಗೆ ಎರಡು ಹಾಕಿದರು.

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಬಣ್ಣ ಹಚ್ಚಿ ಹೇಳುವುದು ನನ್ನಿಂದ ಆಗುವುದಿಲ್ಲ. ಹಿಂದೊಮ್ಮೆ ಹಲಸೂರು ಕೆರೆ ಉಕ್ಕಿದಾಗ ಒಂದು ಎಮ್ಮೆ ತೇಲಿಕೊಂಡು ಹೋಗಿ ಟಾಕೀಸಿನ ಬಾಲ್ಕನಿಯಲ್ಲಿ ಕೂತು ಇಂಟರ್‌ವಲ್‌ವರೆಗೂ ಪಿಚ್ಚರು ನೋಡಿತು ಎಂದು ಹೇಳಿದಾಗಲೂ ಜನ ನನ್ನನ್ನು ನಂಬಿರಲಿಲ್ಲ. ಅದಕ್ಕೆ ನಾನೇನು ಮಾಡಲಿ?

ನಾವು ಓದಿದ್ದು ಕೆರೆಯ ಪಕ್ಕದ ಕೋಡಿ ಸ್ಕೂಲಿನಲ್ಲಿ. ಎಸ್ಸೆಸ್ಸೆಲ್ಸಿ 1979ನೇ ಇಸವಿ. ಕ್ಲಾಸಿನಲ್ಲಿ ನಲವತ್ತೆರಡು ಜನ. ಮೂವತ್ತಮೂರು ಜನರ ಮನೆಯಲ್ಲಿ ತಮಿಳೋ ದಖನಿಯೋ ತೆಲುಗೋ ನಡೆಯುತ್ತಿತ್ತು, ಒಂಬತ್ತು ಜನರ ಮನೆಯಲ್ಲಿ ಮಾತ್ರ ಕನ್ನಡ. ಆ ಒಂಬತ್ತರಲ್ಲಿ ಪ್ರಭುಲಿಂಗನೂ ಒಬ್ಬ. ಕನ್ನಡದಲ್ಲಿ ಫೇಲಾದವನೂ ಅವನೊಬ್ಬನೇ.

ಕನ್ನಡ ಕಲಿಸುತ್ತಿದ್ದ ಭಗವಂತರಾಯ ಮಾಸ್ಟರು ಕಲಬುರ್ಗಿ ಕಡೆಯವರು. ಬೆಂಗಳೂರಿನಲ್ಲಿ ಶುದ್ಧ ಕನ್ನಡ ಮಾತಾಡಬೇಕೆಂದು ಯಾರೋ ಹೇಳಿ ಕಳಿಸಿದ್ದರೆಂದು ಕಾಣುತ್ತದೆ, ಇಲ್ಲಿಗೆ ಬಂದ ದಿನದಿಂದ ಅಚ್ಚಾದ ಪುಸ್ತಕದ ಹಾಗೇ ಮಾತಾಡುತ್ತಿದ್ದರು. "ಲಿಂಗರಾಜಪುರಕ್ಕೆ ಬರುವಿರಾ?" ಎಂದು ಆಟೋದವನನ್ನು ಕೇಳಿದರೆ ಅವನು ಗಾಬರಿಬಿದ್ದು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದ.

ಅವರದು ಒಂದೇ ಕಾನೂನು. ವಾಕ್ಯ ಮುಗಿದ ಮೇಲೆ ಚುಕ್ಕೆ ಇಡಬೇಕು. ಚುಕ್ಕೆ ಇಲ್ಲದಿದ್ದರೆ ಅರ್ಧ ಮಾರ್ಕು ಹೋಯಿತು.

ಪ್ರಿಪರೇಟರಿ ಪರೀಕ್ಷೆಯಲ್ಲಿ 'ನಮ್ಮ ಕೆರೆ' ಎಂಬ ಪ್ರಬಂಧ ಬಂತು. ಪ್ರಭುಲಿಂಗ ಎರಡೂವರೆ ಪುಟ ಬರೆದ. ಎರಡೂವರೆ ಪುಟಕ್ಕೆ ಒಂದೇ ವಾಕ್ಯ. ಕೆರೆಯಲ್ಲಿ ನೀರಿತ್ತು ಮತ್ತು ನೀರಿನಲ್ಲಿ ಮೀನಿತ್ತು ಮತ್ತು ಮೀನು ಹಿಡಿಯಲು ಅವರ ಮಾವ ಬಂದರು ಮತ್ತು ಮಾವನ ಮದುವೆ ದೊಮ್ಮಲೂರಿನಲ್ಲಿ ಆಯಿತು ಮತ್ತು ಹೀಗೆ. ಒಂದೇ ವಾಕ್ಯವಾದ್ದರಿಂದ ಒಂದೇ ಚುಕ್ಕೆ ಸಾಕಿತ್ತು. ಅದನ್ನೂ ಅವನು ಇಡಲಿಲ್ಲ. ಮಾಸ್ಟರು ಕೆಂಪು ಇಂಕಿನಲ್ಲಿ 'ಉಸಿರು ತೆಗೆದುಕೋ' ಎಂದು ಬರೆದು ಅರ್ಧ ಮಾರ್ಕು ಕಳೆದರು. ನೂರಕ್ಕೆ ಮೂವತ್ತನಾಲ್ಕೂವರೆ. ಪಾಸಾಗಲು ಮೂವತ್ತೈದು ಬೇಕು.

ಪ್ರಭುಲಿಂಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅತ್ತ.

"ಸರ್, ಬರೀ ಅರ್ಧ ಮಾರ್ಕು ಸರ್."

"ಬರೀ ಒಂದು ಚುಕ್ಕೆಯಪ್ಪ," ಎಂದರು ಮಾಸ್ಟರು. "ಚುಕ್ಕೆ ತೆಗೆದುಕೊಂಡು ಬಾ, ಅರ್ಧ ಮಾರ್ಕು ತೆಗೆದುಕೊಂಡು ಹೋಗು."

ಆಮೇಲೆ ಪಬ್ಲಿಕ್ ಪರೀಕ್ಷೆಯಲ್ಲಿ ಅವನು ಪಾಸಾದ. ಮಾಸ್ಟರೇ ಎರಡು ತಿಂಗಳು ಸಂಜೆ ಮನೆಗೆ ಕರೆಸಿಕೊಂಡು ಹೇಳಿಕೊಟ್ಟಿದ್ದರು. ಆದರೆ ಆ ಅರ್ಧ ಮಾರ್ಕು ಮಾತ್ರ ಪ್ರಭುಲಿಂಗನ ಎದೆಯಲ್ಲೇ ಉಳಿಯಿತು. ದೊಮ್ಮಲೂರಿನಲ್ಲಿ ಸ್ಕೂಟರ್ ಸೀಟ್ ಕವರಿನ ಅಂಗಡಿ ಇಟ್ಟ, ಮದುವೆಯಾದ, ಮಗಳು ಕಾಲೇಜಿಗೆ ಹೋದಳು. ಶಿವಾಜಿನಗರಕ್ಕೆ ಲ್ಯಾಮಿನೇಶನ್ ಮಿಷನ್ನು ಬಂದಾಗ ಅವನು ಮೊದಲು ಲ್ಯಾಮಿನೇಟ್ ಮಾಡಿಸಿದ್ದು ಆ ಉತ್ತರಪತ್ರಿಕೆಯನ್ನು. ಮದುವೆ ಫೋಟೋಗೆ ಇವತ್ತಿಗೂ ಲ್ಯಾಮಿನೇಶನ್ ಇಲ್ಲ.

2004ರಲ್ಲಿ ನಮ್ಮ ಬ್ಯಾಚಿಗೆ ಇಪ್ಪತ್ತೈದು ವರ್ಷ ತುಂಬಿತು. ಪ್ರಭುಲಿಂಗ ನನ್ನ ಅಂಗಡಿಗೆ ಬಂದ. ನನ್ನದು ಹಲಸೂರು ಬಜಾರಿನಲ್ಲಿ ಕನ್ನಡಕದ ಅಂಗಡಿ.

"ಮಗಾ, ಭಗವಂತರಾಯ ಸರ್‌ಗೆ ಒಂದು ಕೃತಜ್ಞತಾ ಸಭೆ ಮಾಡೋಣ. ಎಲ್ಲಾ ಬ್ಯಾಚಿನವರನ್ನೂ ಕರೆಯೋಣ. ಕಾರ್ಡ್ ಮಾತ್ರ ನಾನೊಬ್ಬನೇ ಬರೀತೀನಿ. ನೀನು ತಲೆ ಹಾಕ್ಬೇಡ."

"ಯಾಕೆ?"

"ಒಂದೇ ಒಂದು ತಪ್ಪಿಲ್ದೆ ಬರೀಬೇಕು. ಅವರ ಕೈಗೆ ಕೊಟ್ಟು ಆ ಅರ್ಧ ಮಾರ್ಕು ಇಸ್ಕೋಬೇಕು."

ನಲವತ್ತೊಂದು ವರ್ಷದ ಗಂಡಸು. ನಾನು ನಗಲಿಲ್ಲ.

ಸಭೆ ಭಾನುವಾರ ಎಂದು ಗೊತ್ತಾಯಿತು. ಗುರುವಾರ ಟಪಾಲಿನಲ್ಲಿ ಕಾರ್ಡು ಬಂತು. ತೆರೆದೆ. ಸುತ್ತ ಒಂದು ಬೆರಳಗಲ ಕಪ್ಪು ಅಂಚು. ಮೇಲೆ ಮೂಲೆಯಲ್ಲಿ ಉರಿಯುವ ದೀಪದ ಚಿತ್ರ. ನಡುವೆ ಮಾಸ್ಟರ ಫೋಟೋ. ಅದರ ಕೆಳಗೆ ಇಷ್ಟು ದಪ್ಪಕ್ಷರದಲ್ಲಿ:

ದಿ. ಭಗವಂತರಾಯ ಮಾಸ್ಟರಿಗೆ ಹಳೆಯ ವಿದ್ಯಾರ್ಥಿಗಳ ಕೃತಜ್ಞತಾ ಸಭೆ.

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದೆ. ದಿ. ಎಂದರೆ ದಿವಂಗತ. ಅದಕ್ಕೆ ಬೇರೆ ಅರ್ಥವಿಲ್ಲ. ಪಾಪ, ಸಭೆಯವರೆಗೂ ಅವರಿಗೆ ತಡೆಯಲಾಗಲಿಲ್ಲ ಎಂದುಕೊಂಡು ಅಂಗಡಿಯ ಶಟರು ಅರ್ಧ ಎಳೆದೆ.

ಅಷ್ಟರಲ್ಲಿ ಆ ಅರ್ಧ ಶಟರಿನ ಕೆಳಗಿನಿಂದ ಅಬ್ರಾರ್ ನುಸುಳಿ ಬಂದ. ನಮ್ಮ ಕ್ಲಾಸಿನವನೇ. ಒಂದು ವಾರ್ಡ್ ಆಫೀಸಿನಲ್ಲಿ ಹುಟ್ಟು ಸಾವಿನ ರಿಜಿಸ್ಟರು ಅವನ ಕೈಯಲ್ಲಿತ್ತು. ಯಾವ ವಾರ್ಡು ಎಂದು ನಾನು ಹೇಳುವುದಿಲ್ಲ, ಅವನು ಇನ್ನೂ ರಿಟೈರ್ ಆಗಿಲ್ಲ. ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಕಾರ್ಡಿತ್ತು.

"ನೋಡಿದ್ಯಾ ಗುರು?"

"ನೋಡಿದೆ."

"ನಾನು ಸುಮ್ನೆ ಅಳ್ತಾ ಕೂತ್ಕೊಳ್ಲಿಲ್ಲ. ಸರ್‌ಗೆ ಜೀವಮಾನದಲ್ಲಿ ಏನೂ ಕೊಟ್ಟಿರ್ಲಿಲ್ಲ ನಾನು. ಇವತ್ತು ಕೊಟ್ಟೆ." ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ. "ಡೆತ್ ಸರ್ಟಿಫಿಕೇಟು. ಕ್ಯೂ ಇಲ್ಲ, ಏಜೆಂಟ್ ಇಲ್ಲ, ನಾಳೆ ಬಾ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಮಾಡ್ಸಿದೀನಿ. ನಮ್ಮ ಆಫೀಸಲ್ಲಿ ಇದು ರೆಕಾರ್ಡು."

"ಮನೆಯವರು ಅರ್ಜಿ ಕೊಡ್ದೇನೇನೋ?"

"ಅರೆ, ಪ್ರಿಂಟಾಗಿ ಬಂದಿದೆಯಲ್ಲ ಯಾರ್. ಇದಕ್ಕಿಂತ ದಾಖಲೆ ಬೇಕಾ?"

ಅವನ ಸ್ಕೂಟರಿನಲ್ಲಿ ಲಿಂಗರಾಜಪುರಕ್ಕೆ ಹೋದೆವು. ಮಾಸ್ಟರ ಮನೆಯ ಮುಂದೆ ಜನವಿರಲಿಲ್ಲ. ಬೆಂಗಳೂರಿನಲ್ಲಿ ಈಗ ಸಾವಿಗೂ ಯಾರೂ ಬರುವುದಿಲ್ಲ ಎಂದು ಅಬ್ರಾರ್ ಬೇಸರಪಟ್ಟ. ಮಾಸ್ಟರ ಹೆಂಡತಿ ವಿಮಲಾಕ್ಷಮ್ಮ ಬಾಗಿಲು ತೆರೆದರು. ಹಣೆಯಲ್ಲಿ ಕುಂಕುಮ ಎಂದಿನಂತೇ ಇತ್ತು. ಗಟ್ಟಿ ಹೆಂಗಸು ಎಂದುಕೊಂಡೆ.

"ಬರ್ರಿ, ಒಳಗ ಬರ್ರಿ. ಕೂಡ್ರಿ."

"ಅಮ್ಮಾ, ಸರ್..." ಎಂದ ಅಬ್ರಾರ್.

"ಹೋದ್ರಪ್ಪ. ಮುಂಜಾನೆನೇ ಹೋದ್ರು."

ನಾನು ಲೆಕ್ಕ ಹಾಕಿದೆ. ಮಾಸ್ಟರು ಹೋಗಿದ್ದು ಇವತ್ತು ಬೆಳಿಗ್ಗೆ. ಕಾರ್ಡು ಅಂಚೆಗೆ ಬಿದ್ದದ್ದು ಮೊನ್ನೆ. ಪ್ರಭುಲಿಂಗ ಜೀವನದಲ್ಲಿ ಯಾವ ಕೆಲಸವನ್ನೂ ಮುಂಚಿತವಾಗಿ ಮಾಡಿದವನಲ್ಲ, ಇದೊಂದನ್ನು ಹೇಗೆ ಮಾಡಿದ ಎಂದು ಆಶ್ಚರ್ಯವಾಯಿತು. ಅಬ್ರಾರ್ ನನ್ನ ಕಿವಿಯಲ್ಲಿ, "ಡೇಟ್ ತಿದ್ದಬೇಕಾಗುತ್ತೆ," ಎಂದ. ಆಮೇಲೆ ಅಮ್ಮನವರ ಕಡೆ ತಿರುಗಿದ.

"ಎಷ್ಟೊತ್ತಿಗೆ ಅಮ್ಮಾ?"

"ಒಂಬತ್ತೂವರೆ ಆಗಿತ್ತೇನೋ. ಚಹಾ ಕುಡಿದ್ರು, ಹೋದ್ರು."

"ಕಷ್ಟ ಏನೂ ಪಡ್ಲಿಲ್ಲ ತಾನೆ?"

"ಮೊಣಕಾಲು ನೋವು ಅಂತಿದ್ರು ಎರಡು ದಿನದಿಂದ. ಹೋಗೋ ಹೊತ್ತಿನಾಗ ಅದೂ ಇರ್ಲಿಲ್ಲ ನೋಡ್ರಿ. ಆರಾಮ ಹೋದ್ರು."

"ಪುಣ್ಯವಂತರು," ಎಂದೆ ನಾನು.

"ಕೊನೇಲಿ ಏನಾದ್ರೂ ಅಂದ್ರಾ ಅಮ್ಮಾ?"

"ಮೆಂತೆ ಸೊಪ್ಪು ತರ್ತೀನಿ, ಹಿಟ್ಟು ಕಲಸಿಡು ಅಂದ್ರು."

ಅಬ್ರಾರ್‌ಗೆ ತಡೆಯಲಾಗಲಿಲ್ಲ, ಕರ್ಚೀಫು ಬಾಯಿಗೆ ಒತ್ತಿಕೊಂಡ. "ಆ ಟೈಮಲ್ಲೂ ಮನೆಯವರ ಯೋಚನೆನೇ ಗುರು," ಎಂದು ನನಗೆ ಹೇಳಿ, "ಒಬ್ರೇ ಇದ್ರಾ ಅಮ್ಮಾ ಆಗ?" ಎಂದು ಕೇಳಿದ.

"ಇಲ್ಲಪ್ಪ, ಪಕ್ಕದ ಮನಿ ಅಂಜನಮೂರ್ತಿಯವರೂ ಜೊತಿಗೇ ಹೋದ್ರು."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಬ್ರಾರ್ ಮೆಲ್ಲಗೆ ಬ್ಯಾಗಿಗೆ ಕೈ ಹಾಕಿ, "ಇನ್ನೊಂದು ಫಾರಂ ಇದೆಯಾ ನೋಡ್ತೀನಿ," ಎಂದ.

ಗೇಟು ಕಿರ್ರೆಂದಿತು. ಅಂಜನಮೂರ್ತಿಯವರು ಎದುರು ಮನೆಯ ನಾಯಿಯನ್ನು ಬೈಯುತ್ತಾ ತಮ್ಮ ಮನೆಗೆ ಹೋದರು. ಭಗವಂತರಾಯ ಮಾಸ್ಟರು ಕಂಕುಳಲ್ಲಿ ಮೆಂತ್ಯದ ಕಟ್ಟು ಇಟ್ಟುಕೊಂಡು ಒಳಗೆ ಬಂದರು. ಅಬ್ರಾರ್ ನನ್ನ ಬೆನ್ನ ಹಿಂದೆ ನಿಂತು ಅವನಿಗೆ ಬರುವ ಪ್ರಾರ್ಥನೆಯನ್ನೆಲ್ಲ ಹೇಳಿಕೊಂಡ. ನನಗೆ ಯಾವುದೂ ಬಾಯಿಗೆ ಬರಲಿಲ್ಲ, ಅವನದನ್ನೇ ಜೊತೆಗೂಡಿ ಹೇಳಿದೆ.

"ಏನು ಅಬ್ರಾರ್," ಎಂದರು ಮಾಸ್ಟರು. "ಗೃಹ ಎಂದು ಬರೆಯಲು ಈಗಲಾದರೂ ಬರುವುದೋ, ಇನ್ನೂ ಗ್ರಹವೇ?"

ಸ್ಕೂಲಿನಲ್ಲಿ ಅಬ್ರಾರ್ ಯಾವತ್ತೂ ಗೃಹಕ್ಕೆ ಗ್ರಹ ಎಂದೇ ಬರೆಯುತ್ತಿದ್ದ. ರಜೆಯಲ್ಲಿ ಅಜ್ಜಿಯ ಗ್ರಹಕ್ಕೆ ಹೋಗಿದ್ದೆ ಎಂದು ಬರೆದು ಇಡೀ ಪೀರಿಯಡ್ಡು ಬೆಂಚಿನ ಮೇಲೆ ನಿಂತವನು. ಈಗ ಅವನು ಸರ್ಟಿಫಿಕೇಟಿನ ಕವರನ್ನು ಸೋಫಾದ ಮೇಲಿಟ್ಟು ಅದರ ಮೇಲೆ ಕೂತುಬಿಟ್ಟ.

ರೊಟ್ಟಿ ಬಂತು. ಮಾಸ್ಟರು ಬಹಳ ಖುಷಿಯಲ್ಲಿದ್ದರು.

"ಭಾನುವಾರದ ಸಭೆಗೆ ಪ್ರಭುಲಿಂಗ ದೂರವಾಣಿಯಲ್ಲಿ ಕರೆದಿದ್ದಾನೆ. ಆಹ್ವಾನ ಪತ್ರಿಕೆಯನ್ನು ಅಂದೇ ನನ್ನ ಕೈಯಲ್ಲಿ ಇಡುವನಂತೆ. ಒಂದೂ ತಪ್ಪಿಲ್ಲ ಸರ್ ಎಂದ. ನಿಮಗೆ ಬಂದಿದೆಯೇ?"

"ಇಲ್ಲ ಸರ್," ಎಂದೆವು ಇಬ್ಬರೂ ಒಂದೇ ಉಸಿರಿನಲ್ಲಿ. ನನ್ನ ಜೇಬಿನಲ್ಲಿದ್ದ ಕಾರ್ಡಿನ ಕಪ್ಪು ಅಂಚು ಅರ್ಧ ಇಂಚು ಹೊರಗೆ ಇಣುಕುತ್ತಿತ್ತು.

ಅಲ್ಲಿಂದ ನೇರ ದೊಮ್ಮಲೂರಿಗೆ ಹೋದೆವು. ಪ್ರಭುಲಿಂಗ ಒಂದು ಸೀಟಿಗೆ ಸ್ಪಂಜು ತುಂಬುತ್ತಿದ್ದ.

"ಕಾರ್ಡ್ ಬಂತಾ? ಹೇಗಿದೆ?"

"ಪ್ರಭು, ಸರ್ ಹೆಸರಿನ ಮುಂದೆ ಏನು ಹಾಕಿದೀಯ?"

"ದಿ."

"ದಿ ಅಂದ್ರೆ?"

"ದಿ ಅಂದ್ರೆ ದಿ ಕಣೋ. ಇಂಗ್ಲಿಷ್ ದಿ. ಬರೀ ಭಗವಂತರಾಯ ಅಂದ್ರೆ ಯಾರೋ ಒಬ್ರು ಅನ್ಸುತ್ತೆ. ದಿ ಭಗವಂತರಾಯ ಅಂದ್ರೆ ಇವ್ರೊಬ್ರೇ ಅಂತ. ಕಂಟೋನ್ಮೆಂಟ್ ತುಂಬಾ ಬೋರ್ಡ್ ನೋಡು, ದೊಡ್ಡ ಕಂಪ್ನಿಗಳೆಲ್ಲಾ ದಿ ಅಂತ್ಲೇ ಶುರುವಾಗೋದು."

"ಸರಿ. ಆ ಚುಕ್ಕೆ?"

"ಡಾಕ್ಟ್ರಿಗೆ ಡಾ ಚುಕ್ಕೆ, ಪ್ರೊಫೆಸರ್‌ಗೆ ಪ್ರೊ ಚುಕ್ಕೆ. ದಿಗೆ ಬಿಟ್ರೆ ಸರ್ ಸುಮ್ನೆ ಇರ್ತಾರಾ? ಒಂದು ಸಲ ಬಿಟ್ಟು ಅನುಭವಿಸಿದೀನಿ ನಾನು."

ಅಬ್ರಾರ್ ಅವನನ್ನು ಸೀಟಿನ ಮೇಲೆ ಕೂರಿಸಿ, ದಿ. ಎಂದರೆ ಏನೆಂದು ಸಮಾಧಾನವಾಗಿ ಹೇಳಿದ. ಪ್ರಭುಲಿಂಗ ಕೈಯಲ್ಲಿದ್ದ ಸ್ಪಂಜನ್ನು ಕೆಳಗಿಟ್ಟ.

"ಹಂಗಾದ್ರೆ ಪಾಷಾ ಯಾಕೆ ಹೇಳ್ಲಿಲ್ಲ?"

ಅಹ್ಮದ್ ಪಾಷಾ ಶಿವಾಜಿನಗರದಲ್ಲಿ ಪ್ರೆಸ್ಸು ಇಟ್ಟವನು, ನಮಗಿಂತ ಎರಡು ವರ್ಷ ಹಿಂದಿನ ಬ್ಯಾಚು. ಮೂವರೂ ಅಲ್ಲಿಗೆ ಹೋದೆವು. ನಾವು ಒಳಗೆ ಕಾಲಿಡುತ್ತಲೇ ಪಾಷಾ ಎದ್ದು ಬಂದು ಪ್ರಭುಲಿಂಗನನ್ನು ತಬ್ಬಿಕೊಂಡ.

"ಧೈರ್ಯ ತಗೋ ಭಾಯ್. ನೀನು ಮ್ಯಾಟರ್ ಕೊಟ್ಟು ಹೋದೆ. ದಿ ಚುಕ್ಕೆ ನೋಡಿದ ತಕ್ಷಣ ನಂಗೆ ಕೈ ಕಾಲು ಆಡ್ಲಿಲ್ಲ. ನೀನು ಹಳದಿ ಕಾರ್ಡು, ರೋಜಾ ಹೂ ಅಂತ ಬರ್ದಿದ್ದೆ. ಪಾಪ, ದುಃಖದಲ್ಲಿ ಏನೋ ಬರ್ದಿದ್ದಾನೆ ಅಂತ ನಾನೇ ಕಪ್ಪು ಬಾರ್ಡರ್ ಹಾಕ್ದೆ. ದೀಪ ನಮ್ ಕಡೆಯಿಂದ ಫ್ರೀ."

"ನಾನು ಕಪ್ಪು ಬಾರ್ಡರ್ ನೋಡಿ ಕ್ಲಾಸಾಗಿದೆ ಅಂದ್ಕೊಂಡೆ," ಎಂದ ಪ್ರಭುಲಿಂಗ, ಸಣ್ಣ ದನಿಯಲ್ಲಿ.

ಸರ್ ಬದುಕಿದ್ದಾರೆಂದು ಹೇಳಿದಾಗ ಪಾಷಾ ಕುರ್ಚಿಯ ಮೇಲೆ ಕೂತ. ಮೊದಲು ದೇವರಿಗೆ ಶುಕ್ರಿಯಾ ಹೇಳಿದ. ಆಮೇಲೆ, "ಮುನ್ನೂರು ಕಾರ್ಡು ಹೋಗಿದೆ," ಎಂದ. ಆಮೇಲೆ, "ಬ್ಯಾನರ್ ಬೇರೆ ಇದೆ," ಎಂದ.

ಸರ್ಟಿಫಿಕೇಟ್ ಕ್ಯಾನ್ಸಲ್ ಮಾಡಿಸು ಎಂದು ನಾನು ಅಬ್ರಾರ್‌ಗೆ ಹೇಳಿದೆ. ಅವನು ಮಾರನೆಯ ದಿನ ಆಫೀಸಿನಲ್ಲಿ ವಿಚಾರಿಸಿಕೊಂಡು ಬಂದ. "ಆಗುತ್ತಂತೆ ಗುರು. ಆದ್ರೆ ಮೃತರು ಖುದ್ದಾಗಿ ಬಂದು ಅರ್ಜಿ ಕೊಡ್ಬೇಕು. ಜೊತೇಲಿ ಡೆತ್ ಸರ್ಟಿಫಿಕೇಟ್ ಜೆರಾಕ್ಸ್ ಮೂರು ಕಾಪಿ."

ಶುಕ್ರವಾರ ಶನಿವಾರ ಎರಡು ದಿನ ಕಾರ್ಡು ಹೋದವರಿಗೆಲ್ಲ ಫೋನು ಮಾಡಿದೆವು. "ಸರ್ ಬದುಕಿದ್ದಾರೆ," ಎಂದರೆ, "ಹೌದಪ್ಪ, ನಮ್ಮ ಮನಸ್ಸಲ್ಲಿ ಯಾವಾಗ್ಲೂ ಬದುಕಿರ್ತಾರೆ," ಎಂದು ಅತ್ತು ಫೋನು ಇಟ್ಟರು. "ಹಂಗಲ್ಲ, ನಿಜವಾಗ್ಲೂ ಬದುಕಿದ್ದಾರೆ," ಎಂದರೆ, "ಅಂಥವರಿಗೆ ಸಾವೇ ಇಲ್ಲ ಬಿಡ್ರಿ," ಎಂದರು. ಕೊನೆಗೆ ಪ್ರಭುಲಿಂಗ ಒಬ್ಬರಿಗೆ, "ಸರ್ ಬೆಳಿಗ್ಗೆ ಸೊಪ್ಪು ತಂದ್ರು ಕಣ್ರೀ," ಎಂದ. ಆ ಕಡೆಯವರು, ದುಃಖದಲ್ಲಿ ಹೀಗೆಲ್ಲ ಕಾಣಿಸಿಕೊಳ್ಳುತ್ತಾರೆ, ಒಂದು ನಿಂಬೆಹಣ್ಣು ಇಟ್ಟುಕೊಂಡು ಮಲಗು ಎಂದು ಹೇಳಿಕೊಟ್ಟರು.

"ಸಭೆ ನಿಲ್ಸಿಬಿಡೋಣ," ಎಂದೆ ನಾನು.

"ಬೇಡ," ಎಂದ ಪ್ರಭುಲಿಂಗ. "ಸರ್ ಹೊಸ ಪಂಚೆ ತಗೊಂಡಿದಾರಂತೆ. ಅಮ್ಮಾ ಫೋನಲ್ಲಿ ಹೇಳಿದ್ರು. ನಾನು ಗೇಟಲ್ಲೇ ಕಾಯ್ತೀನಿ. ಆಟೋ ಇಳಿತಿದ್ದಂಗೆ ಕಾಲು ಹಿಡ್ಕೊಂಡು ಎಲ್ಲಾ ಹೇಳ್ತೀನಿ. ಇನ್ನು ಆ ಅರ್ಧ ಮಾರ್ಕು... ಅದು ಹೋಯ್ತು ಬಿಡು."

ಭಾನುವಾರ ಬೆಳಿಗ್ಗೆ ಸ್ಕೂಲಿನ ಗೇಟಿನ ಮೇಲೆ ಬ್ಯಾನರು ಆಡುತ್ತಿತ್ತು. ಅದರಲ್ಲಿ ದಿ ಅಕ್ಷರ ಒಂದಡಿ ಎತ್ತರ, ಚುಕ್ಕೆ ತೆಂಗಿನಕಾಯಿಯಷ್ಟು. ಗೇಟಿನ ಪಕ್ಕ ಹೂ ಮಾರುವ ಮಾರಕ್ಕ ನಮ್ಮ ಕಾಲದಲ್ಲಿ ಅಲ್ಲೇ ಸೀಬೆಕಾಯಿ ಮಾರುತ್ತಿದ್ದಳು. ಪ್ರಭುಲಿಂಗ ಏಣಿ ಹಾಕಿಕೊಂಡು ಚುಕ್ಕೆಯನ್ನು ಉಗುರಿನಿಂದ ಕೆರೆಯುತ್ತಿದ್ದ.

"ಏನ್ ಕಂದಾ ಮಾಡ್ತಾ ಇದ್ದೀಯ?" ಎಂದಳು ಮಾರಕ್ಕ.

"ಇದು ಕಾಣಬಾರ್ದು ಅಕ್ಕಾ."

"ಅಷ್ಟೇ ತಾನೆ? ಇಳಿ ಕೆಳಗೆ." ಮಾರಕ್ಕ ತಾನೇ ಏಣಿ ಹತ್ತಿ ಚುಕ್ಕೆಯ ಮೇಲೆ ಸೇವಂತಿಗೆಯ ದಂಡೆ ಸುತ್ತಿಟ್ಟಳು. ಒಂದೇ ಕಡೆ ಇಟ್ಟರೆ ಚೆನ್ನಾಗಿರುವುದಿಲ್ಲವೆಂದು ಮಾಸ್ಟರ ಫೋಟೋಗೂ ಒಂದು ಹಾರ ಹಾಕಿದಳು. ಕೆಳಗಿಳಿದು ಎರಡು ಊದುಬತ್ತಿ ಹಚ್ಚಿಟ್ಟು, "ಈಗ ನೋಡು," ಎಂದಳು. ನೋಡಿದೆವು. ಮೊದಲು ಸ್ವಲ್ಪವಾದರೂ ಅನುಮಾನವಿತ್ತು.

ಹತ್ತು ಗಂಟೆಗೆ ಹಾಲ್ ತುಂಬಿತು. ನೂರಿಪ್ಪತ್ತು ಜನ, ಎಲ್ಲರೂ ಬಿಳಿ ಬಟ್ಟೆಯಲ್ಲಿ. ಈಗಿನ ಹೆಡ್ ಮಾಸ್ಟರು ಶಿವಶಂಕರಪ್ಪನವರ ಅಧ್ಯಕ್ಷತೆ. ಅವರು ಮಾಸ್ಟರನ್ನು ಕಂಡವರೇ ಅಲ್ಲ, ಆದರೆ ಶೋಕಸಭೆ ನಡೆಸುವುದರಲ್ಲಿ ಇಡೀ ತಾಲ್ಲೂಕಿಗೆ ಹೆಸರಾದವರು. ಪ್ರಭುಲಿಂಗ ಗೇಟಿನಲ್ಲಿ ಮಾಸ್ಟರ ಆಟೋ ಕಾಯುತ್ತಿದ್ದ. ನಾನು ವೇದಿಕೆ ಹತ್ತಿ ವಿಷಯ ಹೇಳಲು ಹೊರಟೆ.

"ಸಾರ್, ಒಂದು ನಿಮಿಷ," ಎಂದೆ.

"ಹೌದು, ಒಂದು ನಿಮಿಷ," ಎಂದು ಶಿವಶಂಕರಪ್ಪನವರು ಮೈಕಿನಲ್ಲಿ ಹೇಳಿದರು. "ಅಗಲಿದ ಗುರುಗಳ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ."

"ಸಾರ್, ಅವರು..."

"ಶ್ಶ್. ಮೌನ."

ನೂರಿಪ್ಪತ್ತು ಜನ ಎದ್ದು ತಲೆ ತಗ್ಗಿಸಿ ನಿಂತರು. ನಾನೂ ನಿಂತೆ. ಮೌನದಲ್ಲಿ ಮಾತಾಡುವುದು ಹೇಗೆಂದು ನನಗೆ ಗೊತ್ತಿಲ್ಲ.

ಆಗ ನನಗೆ ಒಂದು ವಿಷಯ ನೆನಪಾಯಿತು. ಭಗವಂತರಾಯ ಮಾಸ್ಟರು ಸರ್ವೀಸಿನಲ್ಲಿದ್ದ ಅಷ್ಟೂ ವರ್ಷ ಮುಂದಿನ ಗೇಟಿನಿಂದ ಬಂದವರೇ ಅಲ್ಲ. ಕೆರೆ ಕಡೆಯ ಹಿಂದಿನ ಬಾಗಿಲಿನಿಂದಲೇ ಬರುತ್ತಿದ್ದರು.

ಹಿಂದಿನ ಬಾಗಿಲು ತೆರೆಯಿತು. ಹೊಸ ಪಂಚೆಯುಟ್ಟ ಮಾಸ್ಟರು ಒಳಗೆ ಬಂದರು. ನೋಡುತ್ತಾರೆ, ಎಲ್ಲರೂ ಎದ್ದು ನಿಂತಿದ್ದಾರೆ, ಉಸಿರಿನ ಸದ್ದೂ ಇಲ್ಲ. ಇಪ್ಪತ್ತೈದು ವರ್ಷವಾದರೂ ಮಕ್ಕಳು ಶಿಸ್ತು ಬಿಟ್ಟಿಲ್ಲವೆಂದು ಅವರ ಮುಖ ಅರಳಿತು. ಕ್ಲಾಸಿಗೆ ಬಂದಾಗ ಹೇಳುತ್ತಿದ್ದುದನ್ನೇ ಹೇಳಿದರು.

"ಕುಳಿತುಕೊಳ್ಳಿ."

ನೂರಿಪ್ಪತ್ತು ಜನ ಧಪ್ಪೆಂದು ಕೂತರು.

ಕೂತ ಮೇಲೆ ಯೋಚಿಸಿದರು. ಒಬ್ಬೊಬ್ಬರಾಗಿ ಹಿಂದೆ ತಿರುಗಿದರು. ಮುಂದಿನ ಸಾಲಿನಲ್ಲಿ ಒಬ್ಬ ಮತ್ತೆ ಎದ್ದು ನಿಂತ, ಇನ್ನೊಬ್ಬ ಕುರ್ಚಿ ಸಮೇತ ಪಕ್ಕಕ್ಕೆ ಬಿದ್ದ. ಶಿವಶಂಕರಪ್ಪನವರು ಮೈಕು ಕೈಯಲ್ಲಿಟ್ಟುಕೊಂಡೇ, "ಇವರು ಯಾರು? ಅಣ್ಣನಾ, ತಮ್ಮನಾ?" ಎಂದು ಕೇಳಿದರು. ಅದು ಇಡೀ ಹಲಸೂರಿಗೆ ಕೇಳಿಸಿತು.

"ಸರ್ ಕಣ್ರೀ. ಬದುಕಿದ್ದಾರೆ," ಎಂದು ಮೊದಲು ಹೇಳಿದವಳು ನೂರ್‌ಜಹಾನ್. ನಮ್ಮ ಕ್ಲಾಸಿನ ಹುಡುಗಿ, ಈಗ ಪುಲಿಕೇಶಿನಗರದ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ಹಾಗೆಂದವಳೇ ಸೆರಗಿನಿಂದ ಮುಖ ಮುಚ್ಚಿಕೊಂಡು ನಗತೊಡಗಿದಳು. ಆ ನಗು ಸಾಲಿನಿಂದ ಸಾಲಿಗೆ ಹೋಗಿ ಹಾಲ್ ತುಂಬಿತು. ಯಾರು ನಗುತ್ತಿದ್ದಾರೆ, ಯಾರು ಅಳುತ್ತಿದ್ದಾರೆ ಎಂದು ತಿಳಿಯುವ ಹಾಗಿರಲಿಲ್ಲ. ನೂರಿಪ್ಪತ್ತು ಜನ ಹೋಗಿ ಒಬ್ಬರ ಕಾಲಿಗೆ ಬಿದ್ದರು, ಬಿದ್ದವರಲ್ಲಿ ಅರ್ಧ ಜನ ಕಾಲು ನೆಲಕ್ಕೆ ತಾಕಿದೆಯೇ ಎಂದು ಮುಟ್ಟಿ ನೋಡಿಕೊಂಡರು.

ಮಾಸ್ಟರನ್ನು ವೇದಿಕೆಯ ಮೇಲೆ ಕೂರಿಸಿದೆವು. ಅವರಿಗಿನ್ನೂ ಏನೂ ಗೊತ್ತಿರಲಿಲ್ಲ. ಪ್ರೀತಿ ಸ್ವಲ್ಪ ಜಾಸ್ತಿಯಾಯಿತೆಂದು ಮಾತ್ರ ಅಂದುಕೊಂಡಿದ್ದರು. ನೂರ್‌ಜಹಾನ್ ಬರೆದು ತಂದಿದ್ದ ಭಾಷಣ ತೆಗೆದಳು. ಬೇರೆ ಭಾಷಣ ಅವಳ ಹತ್ತಿರ ಇರಲಿಲ್ಲ.

"ಭಗವಂತರಾಯ ಸರ್ ಬಹಳ ಒಳ್ಳೆಯ ಗುರುಗಳಾಗ್... ಆಗಿದ್ದರು."

"ಆಗಿದ್ದಾರೆ," ಎಂದರು ಮಾಸ್ಟರು ಕೂತಲ್ಲಿಂದಲೇ. "ವರ್ತಮಾನ ಕಾಲ ಬಳಸಮ್ಮ."

"ಆಗಿದ್ದಾರೆ ಸರ್. ನಮ್ಮ ಮನೆಯಲ್ಲಿ ಯಾರಿಗೂ ಕನ್ನಡ ಬರ್ತಿರ್ಲಿಲ್ಲ. ನಾನು ಎಂಟನೇ ಕ್ಲಾಸಿಗೆ ಬಂದಾಗ ಬಾಯಿ ತೆರೆದ್ರೆ ಎಲ್ಲರೂ ನಗ್ತಿದ್ರು. ಸರ್ ಒಂದು ದಿನ ಎಲ್ಲರ ಮುಂದೆ ನನ್ನ ಹತ್ತಿರ ದಖನಿ ಕಲಿತರು. ಪಾನಿ, ಚಾವಲ್, ಕಿತಾಬ್. ಎಲ್ಲಾ ತಪ್ಪು ತಪ್ಪಾಗಿ ಹೇಳಿದರು. ಇಡೀ ಕ್ಲಾಸು ಅವರನ್ನ ನೋಡಿ ನಕ್ಕಿತು. ಅವತ್ತಿಂದ ನನ್ನ ನೋಡಿ ಯಾರೂ ನಗಲಿಲ್ಲ. ಇವತ್ತು ನಾನು ಕನ್ನಡ ಟೀಚರ್ ಆಗಿದ್ದೀನಿ." ಕಾಗದದಲ್ಲಿ ಮುಂದಿನ ಸಾಲು 'ಅವರ ಆತ್ಮಕ್ಕೆ' ಎಂದಿತ್ತು. ಅವಳು ಕಾಗದ ಮಡಿಚಿಕೊಂಡು ಇಳಿದಳು.

ಹೀಗೆ ಹನ್ನೆರಡು ಜನ ಮಾತಾಡಿದರು. ಮಾಸ್ಟರು ಒಬ್ಬನಿಗೆ ಬಸ್ ಪಾಸು, ಒಬ್ಬಳಿಗೆ ತಮ್ಮ ಮಗಳ ಚಪ್ಪಲಿ, ಒಬ್ಬನಿಗೆ ಅಪ್ಪ ಕುಡಿದು ಬಂದ ದಿನ ತಮ್ಮ ಮನೆಯಲ್ಲಿ ಊಟ ಕೊಟ್ಟಿದ್ದರಂತೆ. ಮಾಸ್ಟರು ಪ್ರತಿಯೊಬ್ಬರ ಭೂತಕಾಲವನ್ನೂ ತಿದ್ದುತ್ತಾ, ನಡುನಡುವೆ ಪಂಚೆಯ ಅಂಚಿನಿಂದ ಕನ್ನಡಕ ಒರೆಸಿಕೊಳ್ಳುತ್ತಾ ಕೂತಿದ್ದರು.

ಕೊನೆಗೆ, "ಪ್ರಭುಲಿಂಗ ಎಲ್ಲಿ? ನನ್ನ ಆಹ್ವಾನ ಪತ್ರಿಕೆ ಎಲ್ಲಿ?" ಎಂದರು.

ಪ್ರಭುಲಿಂಗ ಗೇಟಿನಿಂದ ಓಡಿ ಬಂದು ಬಾಗಿಲಲ್ಲೇ ನಿಂತಿದ್ದ. ನಡೆದು ಬಂದು ಕಾರ್ಡನ್ನು ಮಾಸ್ಟರ ಕೈಗೆ ಕೊಟ್ಟ. ಹಾಲ್ ಮತ್ತೆ ಮೌನವಾಯಿತು. ಈ ಸಲ ಯಾರೂ ಹೇಳಬೇಕಾಗಿರಲಿಲ್ಲ.

ಮಾಸ್ಟರು ಜೇಬಿನಿಂದ ಕೆಂಪು ಪೆನ್ನು ತೆಗೆದರು. ರಿಟೈರಾಗಿ ಹತ್ತು ವರ್ಷವಾದರೂ ಪೆನ್ನು ಜೇಬಿನಲ್ಲೇ ಇತ್ತು. ತಪ್ಪು ಹುಡುಕುವಾಗಿನ ಹಳೇ ಅಭ್ಯಾಸದಂತೆ ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಾ ಬಂದರು. ತಲೆದೂಗಿದರು. ಮೊದಲ ಸಾಲಿಗೆ ಬಂದರು. ತಲೆ ನಿಂತಿತು. ಕಪ್ಪು ಅಂಚು ನೋಡಿದರು. ದೀಪ ನೋಡಿದರು. ಎದುರಿಗಿದ್ದ ಬಿಳಿ ಬಟ್ಟೆಗಳನ್ನು ಒಮ್ಮೆ ನೋಡಿದರು.

"ಓಹೋ," ಎಂದರು.

ಅಬ್ರಾರ್‌ಗೆ ಇನ್ನು ಮುಚ್ಚಿಡುವುದು ಆಗಲಿಲ್ಲ. "ಸರ್, ಇದೂ ಇದೆ ಸರ್, ಮಾಫ್ ಮಾಡಿ," ಎಂದು ಸರ್ಟಿಫಿಕೇಟನ್ನೂ ತಂದು ಮೇಜಿನ ಮೇಲಿಟ್ಟ. ಮಾಸ್ಟರು ಅದನ್ನೂ ಓದಿದರು.

"ಮರಣ ಹೊಂದಿದ ಸ್ಥಳ: ಸ್ವಗೃಹ." ಕನ್ನಡಕದ ಮೇಲಿಂದ ಅಬ್ರಾರ್‌ನನ್ನು ನೋಡಿದರು. "ಸರಿಯಾಗಿ ಬರೆದಿದ್ದೀಯ. ಭಲೇ." ಪಕ್ಕದಲ್ಲಿ ಕೆಂಪು ರೈಟು ಹಾಕಿದರು. ಆಮೇಲೆ ಕಾರ್ಡು ಎತ್ತಿಕೊಂಡರು.

"ಪ್ರಭುಲಿಂಗ, ಹನ್ನೊಂದು ವಾಕ್ಯ ಬರೆದಿದ್ದೀಯ. ಹನ್ನೊಂದಕ್ಕೂ ಚುಕ್ಕೆ ಇಟ್ಟಿದ್ದೀಯ. ಕಾಗುಣಿತ ಒಂದೂ ತಪ್ಪಿಲ್ಲ. ಒಂದು ಚುಕ್ಕೆ ಮಾತ್ರ ಹೆಚ್ಚಾಗಿದೆ."

"ಗೊತ್ತಾಯ್ತು ಸರ್." ಅವನು ಅಂಗಿಯೊಳಗಿನಿಂದ ಲ್ಯಾಮಿನೇಟ್ ಮಾಡಿಸಿದ ಹಳೆಯ ಉತ್ತರಪತ್ರಿಕೆ ತೆಗೆದು ಅದನ್ನೂ ಮೇಜಿನ ಮೇಲಿಟ್ಟ. "ಚುಕ್ಕೆ ತಗೊಂಡು ಬಾ, ಅರ್ಧ ಮಾರ್ಕು ತಗೊಂಡು ಹೋಗು ಅಂದಿದ್ರಿ ಸರ್. ಅದಕ್ಕೇ ಇಷ್ಟೆಲ್ಲಾ ಮಾಡಿದ್ದು."

ಮಾಸ್ಟರು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಅವರ ಭುಜ ಅಲುಗತೊಡಗಿತು. ನನಗೆ ಹೆದರಿಕೆಯಾಯಿತು. ಅವರು ನಗುತ್ತಿದ್ದರು. ಕ್ಲಾಸಿನಲ್ಲಿ ಮೂರು ವರ್ಷದಲ್ಲಿ ಒಂದು ಸಲವೂ ನಾವು ಕಾಣದ ನಗು.

"ಅಂದು ಇಲ್ಲಿ ಇಡಬೇಕಾಗಿದ್ದ ಚುಕ್ಕೆಯನ್ನು ಇಂದು ತಂದು ನನ್ನ ಹೆಸರಿನ ಮುಂದೆ ಇಟ್ಟಿದ್ದೀಯಲ್ಲೋ."

ಹಾಲ್ ಎಲ್ಲ ನಕ್ಕಿತು. ಪ್ರಭುಲಿಂಗ ಮಾತ್ರ ನಗಲಿಲ್ಲ. "ಸರ್, ಆ ಅರ್ಧ ಮಾರ್ಕು..." ಎಂದ.

"ಕೊಡುತ್ತೇನೆ. ಮಾತು ಕೊಟ್ಟಿದ್ದೇನಲ್ಲ. ಆದರೆ ತಪ್ಪು ಚುಕ್ಕೆಗೆ ಮಾರ್ಕು ಕೊಡಲಾಗದು. ಆ ಚುಕ್ಕೆ ಸರಿಯಾಗಲಿ, ಆಗ ತೆಗೆದುಕೋ."

"ಯಾವಾಗ ಸರಿಯಾಗುತ್ತೆ ಸರ್?"

"ನಾನು ಹೋದ ದಿನ ಸರಿಯಾಗುತ್ತದೆ."

ಪ್ರಭುಲಿಂಗ ಮಾಸ್ಟರ ಮುಖ ನೋಡಿದ. ಮೇಜಿನ ಮೇಲಿನ ಉತ್ತರಪತ್ರಿಕೆ ನೋಡಿದ. ಅದನ್ನು ಎತ್ತಿ ಮತ್ತೆ ಅಂಗಿಯೊಳಗೆ ಇಟ್ಟುಕೊಂಡ.

"ಬೇಡ ಸರ್," ಎಂದ. "ಮೂವತ್ನಾಲ್ಕೂವರೆನೇ ಇರ್ಲಿ."

ಈಗಲೂ ಮಾಸ್ಟರು ಆಗಾಗ ದೊಮ್ಮಲೂರಿನ ಕಡೆ ಹೋದಾಗ ಅವನ ಅಂಗಡಿಯ ಮುಂದೆ ನಿಂತು, "ಏನಪ್ಪ, ಅರ್ಧ ಮಾರ್ಕು ಬೇಕೇ?" ಎಂದು ಕೇಳುತ್ತಾರೆ. ಒಳಗಿನಿಂದ ಪ್ರಭುಲಿಂಗ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಹೇಳುತ್ತಾನೆ:

"ಏನೂ ಅವಸರ ಇಲ್ಲ ಸರ್"

ಇಲ್ಲಿ ಚುಕ್ಕೆ ಬಿಟ್ಟುಹೋಗಿದೆ ಎಂದು ನನಗೆ ಗೊತ್ತು. ಬೇಕೆಂದೇ ಬಿಟ್ಟಿದ್ದೇನೆ